ಗೇಟು ಹತ್ತುವ ಮಾವ

ನಮ್ಮ ಮಾವನಿಗೆ ಊರುಗಳು ಕಾಣುವುದೇ ಇಲ್ಲ, ಬರೀ ಕಬ್ಬಿಣ ಕಾಣುತ್ತದೆ ಎಂದರೆ ನೀವು ನಂಬಬೇಕು. ಅವ್ವನ ತಮ್ಮ, ಚನ್ನಪಟ್ಟಣದಲ್ಲಿ ಮೂವತ್ತು ವರ್ಷದಿಂದ ವೆಲ್ಡಿಂಗ್ ಮಾಡುವವನು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಮುಗಿಯಿತು. ಮಾಗಡಿ ಕಡೆ ದನದ ಕೊಟ್ಟಿಗೆ, ರಾಮನಗರದ ಸುತ್ತ ರೇಷ್ಮೆಹುಳು ಸಾಕುವ ಸ್ಟ್ಯಾಂಡು, ಕನಕಪುರದಲ್ಲಿ ಟ್ರ್ಯಾಕ್ಟರ್ ಟ್ರೇಲರು! ಹೀಗೆ ತಾಲ್ಲೂಕುಗಳನ್ನು ಹಂಚಿಟ್ಟು, ವೆಲ್ಡರಿಗೆ ಕೆಲಸವಿಲ್ಲದ ಊರೇ ಇಲ್ಲವೆಂದು ಪಕ್ಕದ ಸೀಟಿನವರಿಗೂ ಪಾಠ ಹೇಳುತ್ತಾನೆ. ಕೆಂಗಲ್ಲಿನ ದೇವಸ್ಥಾನದಲ್ಲಿ ಕೈ ಮುಗಿಯುವಾಗಲೂ ಅವನ ಕಣ್ಣು ಸರತಿ ಸಾಲಿನ ಕಂಬಿಯ ಮೇಲೆ.

ಇಷ್ಟಾದರೆ ಸಹಿಸಬಹುದಿತ್ತು. ಯಾವ ಗೇಟು ಕಂಡರೂ ಕೆಳಗಿನ ಪಟ್ಟಿಯ ಮೇಲೆ ಎರಡೂ ಕಾಲಿಟ್ಟು ಒಂದು ಸುತ್ತು ತೂಗಿ ನೋಡಬೇಕು! ಬೆಸುಗೆಯ ಗಟ್ಟಿತನ ತಿಳಿಯಲು ಬೇರೆ ದಾರಿಯೇ ಇಲ್ಲವಂತೆ. ನನಗೆ ಗಂಡು ನೋಡಲು ದೊಡ್ಡಮಳೂರಿಗೆ ಹೋದಾಗ, ಒಳಗೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದರೆ ಇವನು ಹೊರಗೆ ಗೇಟಿನ ಮೇಲೆ. ಹುಡುಗ ಹೇಗೆ ಎಂದು ಅವ್ವ ಕೇಳಿದ್ದಕ್ಕೆ, "ಹುಡುಗನ್ನ ಸರ್ಯಾಗಿ ನೋಡ್ನಿಲ್ಲ ಕಣಕ್ಕ. ಕೀಲು ಭದ್ರವಾಗೈತೆ, ಕೊಡಬೌದು" ಅಂದ. ಕೊಟ್ಟರು. ಇಪ್ಪತ್ತು ವರ್ಷವಾಯಿತು, ಗೇಟಿನ ಬಗ್ಗೆ ನನ್ನದೇನೂ ದೂರಿಲ್ಲ!

ಮಾನವಂತರು ಕೋತಿಯ ಹಾಗೆ ಗೇಟು ಹತ್ತುತ್ತಾರಾ ಎಂದು ಅವ್ವ ಅಂದಿನಿಂದಲೂ ಬೈಯುತ್ತಲೇ ಇದ್ದಳು.

ಹೋದ ವರ್ಷ ಮಾವನ ಮಗಳು ಐಟಿಐನಲ್ಲಿ ವೆಲ್ಡಿಂಗ್ ಮುಗಿಸಿದಳು. ಅಪ್ಪ ಹಂಚಿಟ್ಟ ತಾಲ್ಲೂಕುಗಳೆಲ್ಲ ಒಮ್ಮೆಲೇ ಬಾಗಿಲು ಹಾಕಿಕೊಂಡವು. ಕಾರ್ಖಾನೆಯವರು ಅನುಭವ ಕೇಳಿದರು. ಊರಿನವರು, ನೀನು ಬಾ, ಮಗಳು ಬೇಡ ಅಂದರು. ಅವ್ವನ ಎದುರುಮನೆ ಗೌರಮ್ಮ ಕೂಡ, ಹೆಣ್ಣುಹುಡುಗಿ ಅಂಟಿಸಿದ ಕೊಟ್ಟಿಗೆ ಬಾಗಿಲು ಹಸುವಿನ ಮೇಲೆ ಬಿದ್ದರೆ ಏನು ಗತಿ ಎಂದು ವಾಪಸು ಕಳಿಸಿದರು. ಮಾವ ಬಸ್ಸಿನಲ್ಲಿ ಮಾತಾಡುವುದನ್ನೇ ಬಿಟ್ಟ.

ಅವ್ವನ ಗೇಟಿನ ಕೀಲು ಮುರಿದು, ತಂತಿ ಕಟ್ಟಿಸಿಕೊಂಡು ತಿಂಗಳಾಗಿತ್ತು. ಒಂದು ಭಾನುವಾರ ಅಪ್ಪ ಮಗಳು ಆಟೋದಲ್ಲಿ ಮೆಷಿನ್ ಹಾಕಿಕೊಂಡು ಬಂದರು. ನಾನೂ ಅಲ್ಲೇ ಇದ್ದೆ. ಹುಡುಗಿ ಕಪ್ಪು ಗಾಜಿನ ಹಲಗೆಯನ್ನು ಮುಖಕ್ಕೆ ಹಿಡಿದು ಕೂತಳು. ಮಾವ ಒಂದು ಕಡ್ಡಿ ಎತ್ತಿಕೊಡಲಿಲ್ಲ, ಒಂದು ಮಾತು ಹೇಳಲಿಲ್ಲ. ಕಬ್ಬಿಣ ಆರಿದ ಮೇಲೆ ಎಂದಿನಂತೆ ಹತ್ತಿ ತೂಗಿದ. ಗೇಟು ಸದ್ದಿಲ್ಲದೆ ತಿರುಗಿತು.

ಗೌರಮ್ಮ ತಮ್ಮ ಜಗಲಿಯಿಂದಲೇ ಅಂದರು: "ಹೆತ್ತಪ್ಪ ಹತ್ತುದ್ರೆ ಆಯ್ತಾ? ಮುರ್ಕೊಂಡು ಬಿದ್ರೂವೆ ಗಟ್ಟಿ ಐತೆ ಅಂತಾನೆ."

ಕೆಲಸ ಮುಗಿದಿದ್ದರೂ ಹುಡುಗಿ ಮುಖದಿಂದ ಹಲಗೆ ಇಳಿಸಲಿಲ್ಲ.

ಅವ್ವನಿಗೆ ಎಪ್ಪತ್ತು. ಮಂಡಿನೋವು, ಹೊಸಿಲು ದಾಟಲೂ ಗೋಡೆ ಹಿಡಿಯುವವಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, "ಒಸಿ ಸರ್ಕೊಳ್ಲಾ" ಎಂದು ಇನ್ನೂ ಗೇಟಿನ ಮೇಲೇ ನಿಂತಿದ್ದ ತಮ್ಮನನ್ನು ಪಕ್ಕಕ್ಕೆ ಒತ್ತಿ, ಅವನ ಭುಜ ಹಿಡಿದು ಗೇಟು ಹತ್ತಿಯೇಬಿಟ್ಟಳು.

"ನೂಕು ಮಗ" ಅಂದಳು.

ಹುಡುಗಿ ಹಲಗೆ ಕೆಳಗಿಟ್ಟು ಮೆಲ್ಲಗೆ ನೂಕಿದಳು. ಅಕ್ಕ ತಮ್ಮ ಇಬ್ಬರನ್ನೂ ಹೊತ್ತು ಗೇಟು ಬೀದಿಯ ಕಡೆಗೆ ತೇಲಿಹೋಗಿ ನಿಂತಿತು. ಗೌರಮ್ಮ ಒಳಗೆ ಹೋದರು. ಕೊಟ್ಟಿಗೆ ಬಾಗಿಲಿನ ಅಳತೆಗೆ ಗಂಟು ಹಾಕಿದ ದಾರ ಹಿಡಿದು ಬಂದವರು, ಮಾವನನ್ನು ದಾಟಿ ನೇರ ಹುಡುಗಿಯ ಕೈಗೇ ಕೊಟ್ಟರು.

ಅವ್ವ ಇನ್ನೂ ಗೇಟಿನಿಂದ ಇಳಿದಿರಲಿಲ್ಲ.