ಗುರುಸಿದ್ದಪ್ಪನವರ ಒಂದೇ ದಿನದ ಗ್ಯಾರೇಜು

ಎಲ್ಲಕ್ಕೂ ಮೂಲ ಒಂದು ಕಾಗೆ. ದಿಲ್‌ಸುಖ್‌ನಗರದ ಕಾಲೋನಿಯೊಂದರಲ್ಲಿ, ಬೀದಿಯ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ಗುರುಸಿದ್ದಪ್ಪನವರ ಹೊಸ ಕಾರಿನ ಮೇಲೆ ಅದು ದಿನಾ ಬೆಳಿಗ್ಗೆ ತಪ್ಪದೆ ಸಹಿ ಹಾಕುತ್ತಿತ್ತು. ರಕ್ಷಣಾ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಅವರ ಒಂದು ಕೆಮ್ಮಿಗೆ ಇಡೀ ವರ್ಕ್‌ಶಾಪು ಹೆದರುತ್ತಿತ್ತು, ಕಾಗೆ ಹೆದರುತ್ತಿರಲಿಲ್ಲ.

ಅದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಹೋದ ಸಲ ಸೇಡಂನಿಂದ ಬಂದ ಹೆಂಡತಿಯ ಅಣ್ಣ ಶಿವಶರಣಪ್ಪ ಬಾನೆಟ್ಟು ನೋಡಿ, "ಕಾರು ತಗೊಳ್ಳೂದು ದೊಡ್ಡದಲ್ರಿ, ಅದಕ್ಕೊಂದು ನೆರಳು ಮಾಡೂದು ದೊಡ್ಡದು" ಎಂದುಬಿಟ್ಟಿದ್ದರು. ಹದಿನೆಂಟು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಬಾಯಿಂದ ಗುರುಸಿದ್ದಪ್ಪನವರಿಗೆ ಒಂದು ಶಹಬ್ಬಾಸ್ ಸಿಕ್ಕಿರಲಿಲ್ಲ. ಅವರು ಇವತ್ತು ಸಂಜೆ ಮತ್ತೆ ಬರುವವರಿದ್ದರು. ಅಷ್ಟರೊಳಗೆ ಕಾರು ಸೂರಿನಡಿ ನಿಲ್ಲಬೇಕು, ಇಲ್ಲವಾದರೆ ಗುರುಸಿದ್ದಪ್ಪನವರ ಮಾನ ಬೀದಿಯಲ್ಲೇ ನಿಲ್ಲುತ್ತದೆ.

ಒಂದು ತಿಂಗಳಿಂದ ಕಾಲೋನಿಯಲ್ಲಿ ಇದೇ ಚರ್ಚೆ ನಡೆದಿತ್ತು. ಪಕ್ಕದ ಮನೆಯ ಸುಬ್ಬರಾಯರು ಹಾಸನದ ಕಡೆಯವರು, ರಿಟೈರಾದ ಬ್ಯಾಂಕಿನವರು. "ಗೋಡೆ ಅಂದ್ರೆ ಇಟ್ಟಿಗೆ, ಸಿಮೆಂಟು. ತಗಡಿನದ್ದಕ್ಕೆ ಗೋಡೆ ಅಂತಾರೇನ್ರೀ?" ಎನ್ನುವುದು ಅವರ ವಾದ. ಅವರ ಮಗ ಅರವಿಂದನಿಗೆ ಹೈಟೆಕ್ ಸಿಟಿಯಲ್ಲಿ ಕೆಲಸ. "ಅಂಕಲ್, ರೆಡಿಮೇಡ್ ತರಿಸಿ. ನಮ್ಮ ಆಫೀಸಿನ ಕ್ಯಾಂಟೀನೇ ಎರಡು ದಿನದಲ್ಲಿ ಎದ್ದು ನಿಂತಿತು" ಎನ್ನುತ್ತಿದ್ದ ಅವನು. ಅಪ್ಪ ಮಗ ವಾದಿಸಿ ವಾದಿಸಿ ತಿಂಗಳು ಮುಗಿಸಿದರು. ಗಾರೆಯವನು ಇಪ್ಪತ್ತು ದಿನ ಬೇಕೆಂದ. ಉಳಿದದ್ದು ಒಂದೇ ದಿನ. ಗುರುಸಿದ್ದಪ್ಪ ಪಟಾನ್‌ಚೆರು ಕಡೆಯ, ರೆಡಿಮೇಡ್ ಗ್ಯಾರೇಜು ಮಾಡುವ ಒಂದು ವರ್ಕ್‌ಶಾಪಿಗೆ ಫೋನು ಮಾಡಿದರು.

ಬೆಳಿಗ್ಗೆ ಒಂಬತ್ತಕ್ಕೆ ಲಾರಿ ಬಂತು, ಆದರೆ ಗಲ್ಲಿಯೊಳಗೆ ಹಿಡಿಸಲಿಲ್ಲ. ಕೆಲಸಗಾರರು ತಗಡಿನ ಹಲಗೆಗಳನ್ನು ತಲೆಯ ಮೇಲೆ ಹೊತ್ತು, ಗಲ್ಲಿಯ ಜಾವಾ ಕಂಪ್ಯೂಟರ್ ಕೋಚಿಂಗ್ ಸೆಂಟರಿನ ಮುಂದೆ ಹಾದು ಹೊರಟರು. ಒಳಗೆ ಜಾಗ ಸಿಗದೆ ಮೆಟ್ಟಿಲ ಮೇಲೆ ಕೂತಿದ್ದ ಹುಡುಗರು, ಹೊಸ ಬ್ಯಾಚಿಗೆ ಕ್ಲಾಸ್‌ರೂಮು ಬಂತೆಂದು ಹಿಂದೆಯೇ ಬಂದು ಗುರುಸಿದ್ದಪ್ಪನವರ ಅಂಗಳದಲ್ಲಿ ಸಾಲು ನಿಂತರು. ಅವರನ್ನು ಚದುರಿಸುವುದಕ್ಕೇ ಒಂದು ಗಂಟೆ ಹಿಡಿಯಿತು.

ಸುಬ್ಬರಾಯರು ಹಲಗೆಯನ್ನು ಬೆರಳಿನಿಂದ ಕುಟ್ಟಿ ನೋಡಿದರು. "ಬಿಸ್ಕತ್ತಿನ ಡಬ್ಬ" ಎಂದು ಕುರ್ಚಿ ತರಿಸಿಕೊಂಡು ಅಲ್ಲೇ ಕೂತರು.

ಡಬ್ಬವೋ ಅರಮನೆಯೋ, ನಾಲ್ಕು ಗಂಟೆಗೆ ಗ್ಯಾರೇಜು ನೆಟ್ಟಗೆ ನಿಂತಿತು. ಗುರುಸಿದ್ದಪ್ಪನವರಿಗೆ ಆನಂದ ತಡೆಯಲಾಗಲಿಲ್ಲ. ಕಾರಿನ ಕೀಲಿ ಹಿಡಿದು ಹೊರಟವರನ್ನು ಹೆಂಡತಿ ಶಿವದೇವಿ ಬಾಗಿಲಲ್ಲೇ ತಡೆದರು.

"ಹಂಗ ಒಳಗ ಒಯ್ಯಬ್ಯಾಡ್ರಿ. ಹೊಸ ಸೂರು ಅದು. ಮೊದಲ ಆಕಳು ಹೋಗಬೇಕು."

"ಇದು ಮನಿ ಅಲ್ಲ, ಗ್ಯಾರೇಜ್ ಐತಿ."

"ಬಾಗಲಾ ಐತಿಲ್ಲೊ? ಮಾಳಗಿ ಐತಿಲ್ಲೊ? ಮತ್ತ ಹೆಂಗ ಮನಿ ಅಲ್ಲ?"

ಫೋರ್‌ಮನ್ನರು ಹಾಲಿನವನಿಗೆ ಹೇಳಿ ಕಳಿಸಿದರು. ಹಾಲಿನ ಯಾದಗಿರಿ ತನ್ನ ಆಕಳು ಹಿಡಿದುಕೊಂಡು ಬಂದ. ಅದರ ಹೊಟ್ಟೆ ನೋಡಿ ಗುರುಸಿದ್ದಪ್ಪ ಅವನನ್ನು ಅಡ್ಡಗಟ್ಟಿದರು.

"ಇದು ತುಂಬಿದ ಗಬ್ಬ ಐತಲ್ಲೋ?"

"ಏಂ ಕಾದು ಸಾರ್" ಎಂದ ಯಾದಗಿರಿ ತನ್ನ ತೆಲುಗಿನಲ್ಲಿ. ಏನೂ ಆಗುವುದಿಲ್ಲ, ಇನ್ನೂ ಎಂಟು ದಿನವಿದೆ ಎಂದು ಬೆರಳೆಣಿಸಿ ತೋರಿಸಿದ. ಗಬ್ಬದ ಹಸುವಾದರೆ ಇನ್ನೂ ಶುಭ ಎಂದು ಸುಬ್ಬರಾಯರು ಕೂತಲ್ಲಿಂದಲೇ ಸೇರಿಸಿದರು.

ಆಕಳು ಒಳಗೆ ಹೋಯಿತು. ಅರಿಶಿನ ಕುಂಕುಮ ಹಚ್ಚಿಸಿಕೊಂಡು ಬೆಲ್ಲ ತಿಂದಿತು. ಹೊಸ ನೆರಳಿನ ತಂಪು ಹಿತವಾಯಿತೋ ಏನೋ, ಮೆಲ್ಲಗೆ ಮಲಗಿತು. ಐದೂವರೆಗೆ ಅಲ್ಲಿಯೇ ಒಂದು ಕೆಂದು ಕರು ಹಾಕಿತು.

ಕಾಲೋನಿಯೇ ಕೂಡಿತು. ಶಿವದೇವಿ ಆರತಿ ಎತ್ತಿ, ಹನ್ನೊಂದು ದಿನ ತಾಯಿ ಕರು ಇಲ್ಲಿಂದ ಕದಲಬಾರದು ಎಂದರು. ಬೆಳಿಗ್ಗೆಯಿಂದ ಗ್ಯಾರೇಜನ್ನು ಹಳಿಯುತ್ತಿದ್ದ ಸುಬ್ಬರಾಯರೂ ಇದಕ್ಕೆ ತಲೆದೂಗಿದರು. ಗುರುಸಿದ್ದಪ್ಪ ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಅಳುವೇ ಬಂದಿತ್ತು ಅವರಿಗೆ.

ಅದೇ ಹೊತ್ತಿಗೆ ಆಟೋ ಬಂದು ನಿಂತು ಶಿವಶರಣಪ್ಪ ಇಳಿದರು. ಮರದಡಿಯ ಕಾರನ್ನು ನೋಡಿದರು, ಗ್ಯಾರೇಜಿನೊಳಗಿನ ಆಕಳನ್ನು ನೋಡಿದರು. ಮೆಟ್ಟು ಬಿಟ್ಟು ಒಳಗೆ ಹೋಗಿ ಕರುವಿನ ತಲೆ ಸವರಿದರು.

"ಗುರುಸಿದ್ದಪ್ಪನವರ, ನಾ ನಿಮ್ಮನ್ನ ತಪ್ಪು ತಿಳಿದಿದ್ನಿ. ಎಲ್ಲಾರೂ ಕಾರಿಗಿ ಮನಿ ಕಟ್ಟಸ್ತಾರ. ನೀವು ಕಾರು ಬೀದ್ಯಾಗ ಬಿಟ್ಟು ಆಕಳಿಗಿ ಕಟ್ಟಸೀರಿ. ಶಹಬ್ಬಾಸ್."

ನಿಜ ಹೇಳಲು ಗುರುಸಿದ್ದಪ್ಪ ಬಾಯಿ ತೆರೆದದ್ದು ಹೌದು. ಆದರೆ ಹದಿನೆಂಟು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಆ ಸುಖವನ್ನು ಯಾರು ಬಿಟ್ಟಾರು?

"ಮೂಕ ಪ್ರಾಣಿ ನೋಡ್ರಿ" ಎಂದರು. "ಕಾರಿನದೇನು, ಲೋಹ."

ಜನ ಚಪ್ಪಾಳೆ ತಟ್ಟಿದರು. ಇಡೀ ಕಾಲೋನಿಯಲ್ಲಿ ಅವರಷ್ಟು ಎತ್ತರದ ಮನುಷ್ಯ ಆ ಗಳಿಗೆಯಲ್ಲಿ ಬೇರೆ ಇರಲಿಲ್ಲ. ಹುರುಪು ತಲೆಗೇರಿತು. "ಎಂಥಾ ಮಾಲು ನೋಡ್ರಿ ಅಣ್ಣಾರ. ಒಂದ ದಿನದಾಗ ನಿಂತೈತಿ. ಬರೇ ಬೋಲ್ಟ್ ಮ್ಯಾಲ ಐತಿ. ಬಿಚ್ಚಿ ಎಲ್ಲಿಗಿ ಬೇಕಾದ್ರೂ ಒಯ್ಯಬಹುದು."

"ಹೌದೇನ್ರಿ?" ಶಿವಶರಣಪ್ಪನವರ ಕಣ್ಣು ಅರಳಿತು. "ನಮ್ಮೂರ ಮಠದಾಗ ಗೋಶಾಲಿ ಮಾಡಾಕತ್ತೀವಿ. ಅದಕ್ಕ ದಾನ ಕೇಳಾಕಂತನ ನಾ ಬಂದೀನಿ, ಹೆಂಗ ಬಾಯಿ ಬಿಡೂದು ಅಂತ ದಾರಿ ತುಂಬ ಚಿಂತಿ ಇತ್ತು. ಹನ್ನೆರಡನೇ ದಿನಕ್ಕ ಇದನ್ನ ಬಿಚ್ಚಿ ಒಯ್ಯಾಕ ಲಾರಿ ಕಳಸ್ತೀನಿ. ದಾನಿಗಳು ಗುರುಸಿದ್ದಪ್ಪನವರು ಅಂತ ಕಲ್ಲಿನ ಮ್ಯಾಲ ಕೆತ್ತಸ್ತೀನಿ."

"ಒಯ್ಯಣ್ಣ" ಎಂದರು ಶಿವದೇವಿ ಕಣ್ಣೊರೆಸಿಕೊಳ್ಳುತ್ತ. "ನಮ್ಮ ಮನ್ಯಾರ ಮನಸು ನನಗ ಗೊತ್ತಿಲ್ಲೇನು."

ಮತ್ತೊಮ್ಮೆ ಚಪ್ಪಾಳೆ ಬಿತ್ತು, ಮೊದಲಿಗಿಂತ ಜೋರಾಗಿ. ಗುರುಸಿದ್ದಪ್ಪ ಎರಡೂ ಕೈ ಜೋಡಿಸಿ ನಗುತ್ತಲೇ ನಿಂತರು. ಬೇರೆ ಏನು ಮಾಡಲು ಸಾಧ್ಯವಿತ್ತು?

ಸುಬ್ಬರಾಯರು ಕುರ್ಚಿ ಮಡಚಿಕೊಂಡು ಹತ್ತಿರ ಬಂದು, ಅವರೊಬ್ಬರಿಗೇ ಕೇಳುವಂತೆ ಹೇಳಿದರು: "ಅದಕ್ಕೇ ನಾನು ಇಟ್ಟಿಗೆ ಅಂದದ್ದು. ಇಟ್ಟಿಗೆ ಗೋಡೇನ ಯಾರೂ ದಾನ ಕೇಳೋಲ್ಲ."