ನಿಂಕಂಪೂಪ್ ಪದವಿ

ಎರಡು ತೂತಿನ ಗುಂಡಿ ಕಳಿಸಬೇಕಾದಲ್ಲಿಗೆ ಗುಂಡಿ ಕಾರ್ಖಾನೆಯ ಸ್ಟೋರ್‌ಕೀಪರ್ ನಾಲ್ಕು ತೂತಿನವನ್ನು ಕಳಿಸಿಬಿಟ್ಟಿದ್ದ. ಕೆಲಸ ಹೋಯಿತೆಂದೇ ತಿಳಿದು, ನೀರಲ್ಲಿ ಅದ್ದಿ ತೆಗೆದ ಬೆಕ್ಕಿನಂತೆ ಮ್ಯಾನೇಜರ್ ಕೋಣೆಗೆ ಹೋದ. ಆದರೆ ಗಿರಾಕಿಗೆ ನಾಲ್ಕು ತೂತೇ ಹಿಡಿಸಿ, ಇನ್ನೊಂದು ಲೋಡು ಕೇಳಿದ್ದ. ಮ್ಯಾನೇಜರ್ ಕುರ್ಚಿಯಿಂದೆದ್ದು ಬಂದು ಬೆನ್ನು ತಟ್ಟಿದರು.

"ಭೇಷ್ ಕಣಯ್ಯಾ! ನೀನೊಬ್ಬ ಅಪ್ಪಟ ನಿಂಕಂಪೂಪ್!"

"ಎಲ್ಲಾ ನಿಮ್ಮ ಆಶೀರ್ವಾದ ಸಾರ್" ಎಂದು ಸ್ಟೋರ್‌ಕೀಪರ್ ಹಲ್ಲು ಕಿರಿದು ಹೊರಬಂದ. ಅರ್ಥ ಕೇಳಲಿಲ್ಲ. ಇಂಗ್ಲಿಷ್ ಕಿವಿಗೆ ಬಿದ್ದರೆ ಮೊದಲು ತಲೆಯಾಡಿಸಿ, ಆಮೇಲೆ ಅರ್ಥ ಹುಡುಕುವುದು ಆ ಕಾರ್ಖಾನೆಯ ಸಂಪ್ರದಾಯ.

ಪ್ಯಾಕಿಂಗ್ ವಿಭಾಗದ ಅಕ್ಕ ಥಟ್ಟನೆ ಬಿಡಿಸಿ ಹೇಳಿದಳು. "ಇದೇನು ಕಷ್ಟ ಅಣ್ಣಾ? ನಿಮ್ ಕಂಪು, ಪೂ ಅಂದಿದಾರೆ. ನಿಮ್ಮ ವಾಸನೆ ಹೂವಿನ ಹಾಗಿದೆ ಅಂತ."

ಸ್ಟೋರ್‌ಕೀಪರ್ ಮೆಲ್ಲಗೆ ಕಂಕುಳ ಕಡೆ ಮೂಗು ತಿರುಗಿಸಿ ನೋಡಿದ. ನಂಬಿಕೆ ಬರಲಿಲ್ಲ.

"ಸುಮ್ನಿರಮ್ಮಾ," ಎಂದರು ಅಕೌಂಟೆಂಟ್, ಕನ್ನಡಕ ಹಣೆಗೇರಿಸಿ. "ಕಂಪು ಅಂದ್ರೆ ಕಂಪೆನಿ, ಪೂ ಅಂದ್ರೆ ಪೂರಾ. ಕಂಪೆನಿ ಪೂರಾ ನಿಂದೇ ಅಂತ. ಇದು ಹಳೇ ಕಾಲದ ಪದವಿ ಕಣೋ. ನಾನು ಇಷ್ಟು ವರ್ಷ ಚಾಕರಿ ಮಾಡಿದ್ರೂ ನಂಗೆ ಸಿಕ್ಕಿಲ್ಲ!" ಕೊನೆಯ ಮಾತಿಗೆ ಬರುವಷ್ಟರಲ್ಲಿ ಅವರ ಹೊಟ್ಟೆಯ ಉರಿ ಮೂಗಿನ ತುದಿಗೆ ಬಂದಿತ್ತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವನು ಹೆಂಡತಿಗೆ ವಿಷಯ ಹೇಳಿದ. ಅವನು ಕೈ ತೊಳೆದು ಬರುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಿಂದ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು. ಮಹಡಿಯಾಕೆ ಬಗ್ಗಿ ಕೇಳಿದಳು: "ಪದವಿ ಜೊತೆ ಕಾರೂ ಕೊಡ್ತಾರೇನ್ರೀ?"

ಪಕ್ಕದ ಮನೆಯ ಜಗಲಿಯಲ್ಲಿ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಪೇಪರ್ ಓದುತ್ತಿದ್ದರು. ಹೆಂಡತಿ ಅವರಿಗೂ ಕೂಗಿದಳು: "ಮೇಷ್ಟ್ರೇ, ನಮ್ಮನೆಯವರು ನಿಂಕಂಪೂಪ್ ಅಂತೆ!"

ಮೇಷ್ಟ್ರು ತಲೆಯೆತ್ತಲಿಲ್ಲ. "ಈಗ ಗೊತ್ತಾಯ್ತೇನಮ್ಮಾ?"

ಸ್ಟೋರ್‌ಕೀಪರ್ ತುತ್ತು ಬಿಟ್ಟು ಓಡಿಬಂದ. ಮೇಷ್ಟ್ರು ಪೇಪರ್ ಮಡಿಸಿದರು. "ಬೈಗುಳ ಕಣಪ್ಪಾ. ಬಹಳ ಹಳೇದು. ನಾವು ಬೆಪ್ಪುತಕ್ಕಡಿ ಅಂತೀವಲ್ಲ, ಅದೇ. ಹೊಡೆಯೋವಷ್ಟು ಸಿಟ್ಟು ಬಂದಿಲ್ಲ, ಸುಮ್ಮನೆ ಬಿಡೋಕೂ ಮನಸ್ಸಿಲ್ಲ, ಅಂಥ ಹೊತ್ತಲ್ಲಿ ಬಳಸೋದು. ಬೈದವನಿಗೂ ನಗು ಬರುತ್ತೆ, ಕೇಳಿದವನಿಗೂ ಬರುತ್ತೆ. ಬೈಸಿಕೊಂಡವನಿಗೆ ಮಾತ್ರ ಇಲ್ಲ."

"ಬೆನ್ನು ತಟ್ಟಿ ಅಂದ್ರು ಮೇಷ್ಟ್ರೇ!"

"ಎತ್ತಿಗೂ ಬೆನ್ನು ತಟ್ಟಿಯೇ ನೊಗ ಹೇರೋದು."

ಮಹಡಿಯ ಪರದೆಯ ಹಿಂದೆ ಕಿಸಕ್ಕೆಂದ ಸದ್ದಾಯಿತು. ಹೆಂಡತಿಯ ಮುಖ ಹರಳೆಣ್ಣೆ ಕುಡಿದಂತಾಯಿತು. "ಬೀದಿಗೆಲ್ಲ ಸಾರಿಬಿಟ್ಟೆನಲ್ರೀ! ಈಗಲೇ ಹೋಗಿ ಮುಖದ ಮೇಲೆ ಕೇಳ್ಕೊಂಡು ಬನ್ನಿ. ಅವರಂದಿದ್ದನ್ನ ಅವರಿಗೇ ತಿರುಗಿಸದೆ ಬಂದ್ರೆ ನಾನು ಬಾಗಿಲು ತೆಗೆಯಲ್ಲ."

ಅವನು ಹೋದ ರಭಸಕ್ಕೆ ಮ್ಯಾನೇಜರ್ ಕೋಣೆಯ ಬಾಗಿಲು ಗೋಡೆಗೆ ಬಡಿಯಿತು. ಹಿಂದೆಯೇ ಅರ್ಧ ಕಾರ್ಖಾನೆ ಬಂದು ಹೊಸ್ತಿಲಲ್ಲಿ ನೆರೆಯಿತು.

"ನಿಂಕಂಪೂಪ್ ನಾನಲ್ಲ ಸಾರ್, ನೀವು! ನಿಮ್ಮಪ್ಪ ನಿಂಕಂಪೂಪ್! ನಿಮ್ಮ ವಂಶಕ್ಕೆ ವಂಶವೇ ನಿಂಕಂಪೂಪ್!"

ಮ್ಯಾನೇಜರ್ ತುಟಿ ನಡುಗಿತು. ಕಣ್ಣಲ್ಲಿ ನೀರಾಡಿತು. ಮೇಜು ಸುತ್ತಿ ಬಂದವರೇ ಅವನನ್ನು ಬಾಚಿ ತಬ್ಬಿಕೊಂಡರು.

"ಈ ಕುರ್ಚಿಗೆ ಬಂದಾಗಿನಿಂದ ನನ್ನನ್ನ ಹಂಗೆ ಕರೆದಿದ್ದು ಕಾರ್ಖಾನೆ ಯಜಮಾನರೊಬ್ಬರೇ ಕಣಯ್ಯಾ. ದಿನಾ ಫೋನ್ ಮಾಡಿ ಕರೀತಾರೆ, ಪಾಪ. ನೀನು ನಮ್ಮಪ್ಪನನ್ನೂ ಸೇರಿಸಿದೆಯಲ್ಲೋ! ಅವರು ಇದ್ದಿದ್ರೆ ಎಷ್ಟು ಹಿಗ್ಗುತ್ತಿದ್ರು!"

ಸ್ಟೋರ್‌ಕೀಪರನ ಸಿಟ್ಟು ತೂತು ಬಿದ್ದ ಬಲೂನಿನಂತೆ ಸುಯ್ಯೆಂದು ಇಳಿಯಿತು. ಅರ್ಥ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ತಾನು ಬೈದದ್ದೂ ಹೊಗಳಿಕೆಯಾಗಿ ಉಳಿಯುತ್ತದೆ, ಮನೆಯ ಬಾಗಿಲೂ ತೆರೆಯುವುದಿಲ್ಲ. ಕೊನೆಗೆ ಹಲ್ಲು ಕಿರಿದು, "ಎಲ್ಲಾ ನಿಮ್ಮ ದೊಡ್ಡತನ ಸಾರ್" ಎಂದ.

"ಇಂಥ ಮನಸ್ಸು ಸ್ಟೋರಲ್ಲಿ ಕೊಳೆಯಬಾರದು. ಇವತ್ತಿಂದ ನೀನು ನನ್ನ ಪಿ.ಎ. ಯಜಮಾನರ ಫೋನು ಇನ್ಮೇಲೆ ನೀನೇ ತಗೋ. ಆ ಭಾಗ್ಯ ನಿನಗೂ ಸಿಗಲಿ."

"ಸಂಬಳ, ಸಾರ್?"

"ಸಂಬಳ ಅದೇ. ಗೌರವ ಜಾಸ್ತಿ."

ಆಗಲೇ ಫೋನ್ ಬಡಿದುಕೊಂಡಿತು. ಸ್ಟೋರ್‌ಕೀಪರ್ ಎತ್ತಿ ಕಿವಿಗಿಟ್ಟ. ಯಜಮಾನರ ಗರ್ಜನೆಗೆ ರಿಸೀವರ್ ಗಡಗಡ ನಡುಗಿತು. ಮೊದಲ ಪದ ಅವನಿಗೆ ಗೊತ್ತಿದ್ದದ್ದೇ. ಆಮೇಲೆ ಬಂದವು ಗೊತ್ತಿರಲಿಲ್ಲ. ಆದರೆ ಬಂದ ಧಾಟಿ ನೋಡಿದರೆ ಮೇಷ್ಟ್ರನ್ನು ಕೇಳುವ ಅಗತ್ಯವೇ ಇರಲಿಲ್ಲ.

"ಏನಂದ್ರಯ್ಯಾ?" ಮ್ಯಾನೇಜರ್ ಕೈಕಟ್ಟಿ ನಿಂತಿದ್ದರು.

ಸ್ಟೋರ್‌ಕೀಪರ್ ಕಿವಿ ಒರೆಸಿಕೊಂಡ. "ಬಹಳ ಹೊಗಳಿದ್ರು ಸಾರ್."

"ಹೊಸ ಪದ ಏನಾದ್ರೂ ಬಂತಾ?"

"ಬಂತು ಸಾರ್. ನಾಲ್ಕೈದು."

ಮ್ಯಾನೇಜರ್ ಹಿಗ್ಗಿ ಹೀರೇಕಾಯಿಯಾದರು. "ಒಂದನ್ನೂ ಮರೀಬೇಡ. ನಾಳೆ ಬೆಳಿಗ್ಗೆ ನಮ್ಮವರಿಗೆಲ್ಲ ಒಂದೊಂದು ಹಂಚೋಣ."

ಹೊಸ್ತಿಲ ಗುಂಪಿನಲ್ಲಿ ನೂಕುನುಗ್ಗಲಾಯಿತು. ಯಾರೋ ಹಿಂದಿನಿಂದ ಕೈಯೆತ್ತಿ ಕೂಗಿದರು:

"ಸೀನಿಯಾರಿಟಿ ಪ್ರಕಾರ ಕೊಡಿ ಸಾರ್!"