ಕೆಂಡದ ಮುಂದೆ ಇಪ್ಪತ್ತು ವರ್ಷ

ಓಬ್ರಾದ್ ಸ್ಟಾನೊಯ್ಕೊವಿಚ್‌ಗೆ ಬಂದ ಕಷ್ಟಕ್ಕೆಲ್ಲ ನಕ್ಷತ್ರವೇ ಕಾರಣ. ಅವನು ಹುಟ್ಟಿದ ನಕ್ಷತ್ರವಲ್ಲ, ಅವನು ಕೊಟ್ಟ ನಕ್ಷತ್ರ. ಐದರವರೆಗೂ ಕೊಡಬಹುದಾಗಿದ್ದ ಕಡೆ ಒಂದೇ ಒಂದನ್ನು ಕೊಟ್ಟು ಕೈತೊಳೆದುಕೊಂಡಿದ್ದ.

ಅವನಿದ್ದದ್ದು ಲೆಸ್ಕೋವತ್ಸ್‌ನಲ್ಲಿ. ಕೆಲಸ ಊರಿನ ಮನೆಗಳಿಗೆಲ್ಲ ಬಿಸಿನೀರಿನ ಕೊಳವೆಯಲ್ಲಿ ಶಾಖ ಕಳಿಸುವ ಕಚೇರಿಯಲ್ಲಿ, ದೂರು ಕೇಳುವ ಟೆಲಿಫೋನಿನ ಮುಂದೆ. ಚಳಿಗಾಲದಲ್ಲಿ ಊರೆಲ್ಲ ಅವನನ್ನು ಬೈಯುತ್ತಿತ್ತು. ಬೇಸಿಗೆಯಲ್ಲಿ ಶಾಖ ಬರಲಿಲ್ಲವೆಂದು ಯಾರೂ ದೂರು ಕೊಡುವುದಿಲ್ಲವಾದ್ದರಿಂದ ಅವನಿಗೆ ಬಿಡುವೋ ಬಿಡುವು. ಆ ಬಿಡುವಿನಲ್ಲಿ ಅವನು ‘ಓಡುವ ಒಲೆ’ ಎಂಬ ವೀಡಿಯೊ ಗೇಮ್ ಹಿಡಿದು ಕೂತ. ಅದರಲ್ಲಿ ನಿಮಗೊಂದು ತಿಂಡಿಯ ಗಾಡಿ ಕೊಡುತ್ತಾರೆ. ಗಿರಾಕಿಗಳು ಒಬ್ಬರ ಮೇಲೊಬ್ಬರು ಬಂದು ಬೀಳುತ್ತಾರೆ. ಎಂಟು ಸೆಕೆಂಡಿನೊಳಗೆ ಕೇಳಿದ್ದು ಕೈಗೆ ಬಾರದಿದ್ದರೆ ಮೂತಿ ತಿರುಗಿಸಿಕೊಂಡು ಹೊರಟುಹೋಗುತ್ತಾರೆ.

ಓಬ್ರಾದ್‌ನ ಗಿರಾಕಿಗಳು ಬೇಸಿಗೆಯುದ್ದಕ್ಕೂ ಹೊರಟುಹೋಗುತ್ತಲೇ ಇದ್ದರು. ಎರಡನೆಯ ಹಂತವನ್ನು ಅವನು ಕಣ್ಣಿನಿಂದ ಕಂಡವನಲ್ಲ.

ಸೋತವನಿಗೆ ಎರಡು ದಾರಿ: ಇನ್ನಷ್ಟು ಆಡುವುದು, ಇಲ್ಲವೇ ಅಭಿಪ್ರಾಯ ಬರೆಯುವುದು. ಆ ಗೇಮಿನ ಪುಟದಲ್ಲಿ ಆಗಲೇ ಅಭಿಪ್ರಾಯಗಳ ರಾಶಿ ಬಿದ್ದಿತ್ತು. ಒಬ್ಬ ಮಹಾನುಭಾವ, ಇದನ್ನು ಹೆಂಡತಿಯ ಜೊತೆ ಸೇರಿ ಆಡಿದೆ, ಈಗ ಒಬ್ಬನೇ ಆಡುತ್ತೇನೆ, ಒಬ್ಬನೇ ವಾಸ ಮಾಡುತ್ತೇನೆ, ತುಂಬ ಚೆನ್ನಾಗಿದೆ, ಎಂದು ಐದು ನಕ್ಷತ್ರ ಕೊಟ್ಟಿದ್ದ. ಇನ್ನೊಬ್ಬಳು ಕನಸಿನಲ್ಲೂ ಈರುಳ್ಳಿ ಹೆಚ್ಚುತ್ತಿದ್ದೇನೆ ಎಂದು ಮೂರು ಕೊಟ್ಟಿದ್ದಳು. ಹಿನ್ನೆಲೆಯ ಸಂಗೀತ ಹಲ್ಲಿನ ಡಾಕ್ಟರ ಯಂತ್ರದಂತಿದೆ ಎಂದು ಇಪ್ಪತ್ತು ಸಾಲು ಬೈದು, ಆಡಿದ ಅವಧಿ ನಾನೂರು ಗಂಟೆ ಎಂದು ಕೆಳಗೆ ತೋರಿಸಿಕೊಂಡವನೂ ಇದ್ದ.

ಓಬ್ರಾದ್ ಇವರೆಲ್ಲರಿಗಿಂತ ಮೇಲೆ ನಿಂತು, ಒಂದೇ ನಕ್ಷತ್ರ ಕೊಟ್ಟು ಬರೆದ: “ಇದನ್ನು ಮಾಡಿದವರು ಹೊಗೆಯ ವಾಸನೆ ಕಂಡವರಲ್ಲ. ನಾನು ಲೆಸ್ಕೋವತ್ಸ್‌ನವನು. ಇಪ್ಪತ್ತು ವರ್ಷ ಕೆಂಡದ ಮುಂದೆ ನಿಂತಿದ್ದೇನೆ. ನಿಜವಾದ ಗಾಡಿಯಲ್ಲಿ ಯಾವ ಗಿರಾಕಿಯೂ ಎಂಟು ಸೆಕೆಂಡಿಗೆ ಎದ್ದು ಹೋಗುವುದಿಲ್ಲ. ಕೆಲಸ ಗೊತ್ತಿದ್ದವನಿಗೆ ನೂರು ಜನ ಬಂದರೂ ಬೆವರು ಬರುವುದಿಲ್ಲ.”

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಇಪ್ಪತ್ತು ವರ್ಷ ಅವನು ಕೆಂಡದ ಮುಂದೆ ನಿಂತದ್ದು ನಿಜ. ತಿನ್ನುವವರ ಕಡೆ ನಿಂತಿದ್ದ, ಅಷ್ಟೇ.

ಮಾಂಸ ಸುಡುವುದರಲ್ಲಿ ಲೆಸ್ಕೋವತ್ಸ್‌ನವರ ಮಾತಿಗೆ ಸೆರ್ಬಿಯಾದಲ್ಲಿ ಎದುರಾಡುವವರಿಲ್ಲ. ಸಾವಿರಾರು ಜನ ಆ ಅಭಿಪ್ರಾಯಕ್ಕೆ ತಲೆಯಾಡಿಸಿದರು. ‘ಗುರುಗಳೇ’ ಎಂದರು. ಓಬ್ರಾದ್ ಎರಡು ವಾರ ಬೀದಿಯಲ್ಲಿ ಎದೆ ಸೆಟೆಸಿಕೊಂಡು ಓಡಾಡಿದ.

ಅದು ಹಾಗೆಯೇ ಮರೆತುಹೋಗುತ್ತಿತ್ತೇನೋ, ಅವನ ಕಟ್ಟಡದ ಮೂರನೆಯ ಮಹಡಿಯಲ್ಲಿ ಬ್ಲಾಗೋಯೆ ಇಲ್ಲದಿದ್ದರೆ. ಬ್ಲಾಗೋಯೆ ರೈಲಿನ ಟಿಕೆಟ್ ಕಲೆಕ್ಟರಾಗಿದ್ದು ನಿವೃತ್ತನಾದವನು. ನೋಡಲು ಟಿಕೆಟ್ ಇಲ್ಲದ ಮೇಲೆ ಪರರ ಬದುಕನ್ನೇ ನೋಡುತ್ತಿದ್ದ. ಈ ಅಭಿಪ್ರಾಯವನ್ನು ಎಲ್ಲಿಂದಲೋ ಹುಡುಕಿ, ಅಂಗಳದ ಬೆಂಚಿನ ಮೇಲೆ ಕೂತು, ಕನ್ನಡಕ ಏರಿಸಿಕೊಂಡು ಇಡೀ ಕಟ್ಟಡಕ್ಕೆ ಓದಿ ಹೇಳಿದ.

ಸೆಪ್ಟೆಂಬರಿನಲ್ಲಿ ಊರ ಮುಖ್ಯ ಬೀದಿಯಲ್ಲಿ ಮಾಂಸ ಸುಡುವ ಹಬ್ಬ ನಡೆಯುತ್ತದೆ. ಬೀದಿಯುದ್ದಕ್ಕೂ ಗಾಡಿಗಳು, ಕೆಂಡ, ಹೊಗೆ, ಜನ. ಆ ಶನಿವಾರ ಬೆಳಿಗ್ಗೆ ಓಬ್ರಾದ್ ಇನ್ನೂ ಚಡ್ಡಿಯಲ್ಲಿದ್ದಾಗ ಬಾಗಿಲು ಬಡಿಯಿತು. ಹೊರಗೆ ಬ್ಲಾಗೋಯೆ. ಅವನ ಹಿಂದೆ ಏದುಸಿರು ಬಿಡುತ್ತ ವಿದೊಸಾವಾ, ಬಸ್ ನಿಲ್ದಾಣದ ಬಳಿ ತಿಂಡಿಯ ಗಾಡಿ ಇಟ್ಟುಕೊಂಡಿದ್ದ ಮುದುಕಿ. ಅವಳ ಅಡುಗೆಯವನು ಹೇಳದೆ ಕೇಳದೆ ಆಸ್ಟ್ರಿಯಾಕ್ಕೆ ಓಡಿಹೋಗಿದ್ದ. ಅಲ್ಲಿಂದ ಫೋನು ಮಾಡಿ ಹಬ್ಬದ ಶುಭಾಶಯವನ್ನೂ ಹೇಳಿದ್ದನಂತೆ.

“ನೋಡಮ್ಮ, ಇವನೇ,” ಎಂದ ಬ್ಲಾಗೋಯೆ, ಕಳೆದುಹೋದ ಪೆಟ್ಟಿಗೆಯನ್ನು ವಾರಸುದಾರರಿಗೆ ಒಪ್ಪಿಸುವವನಂತೆ. “ಇಪ್ಪತ್ತು ವರ್ಷದ ಅನುಭವ. ಒಂದು ದಿನ ಬಾಯಿಬಿಟ್ಟು ಹೇಳ್ಕೊಂಡವನಲ್ಲ, ಪಾಪ.”

“ನನ್ನ ಮಂಡಿ ಎರಡೂ ಹೋಗಿದಾವೆ ಮಗಾ,” ಎಂದಳು ವಿದೊಸಾವಾ. “ನಿಂತು ಸುಡೋಕೆ ನನ್ನ ಕೈಲಾಗಲ್ಲ. ಹಬ್ಬದಲ್ಲಿ ಗಾಡಿ ಮುಚ್ಚಿದ್ರೆ ಜಾಗ ಬೇರೆಯವರ ಪಾಲು. ನಿನ್ನನ್ನೇ ನಂಬಿದೀನಿ.”

ಓಬ್ರಾದ್ ಕಚೇರಿಯಿದೆ ಎನ್ನಲು ಹೊರಟ. ಶನಿವಾರವೆಂದು ನೆನಪಾಯಿತು. ಬೆನ್ನುನೋವು ಎನ್ನಲು ಹೊರಟ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಲ್ಯುಬಿಂಕಾ ಬಂದು ನಿಂತಳು. ಚಪ್ಪಲಿ ಅಂಗಡಿಯಲ್ಲಿ ದಿನವೆಲ್ಲ ಕಂಡವರ ಕಾಲ ಬುಡದಲ್ಲಿ ಕೂತು ಏಳುವವಳು ಅವಳು. ಗಂಡನ ಬಗ್ಗೆ ಅವಳಿಗೆ ಇದ್ದ ಗೌರವ ಒಂದು ಚಮಚದಲ್ಲಿ ಹಿಡಿಸುವಷ್ಟು.

“ಇವನಾ? ಮೊಟ್ಟೆ ಬೇಯಿಸೋಕೆ ಇಟ್ಟು ನೀರು ಹಾಕೋದು ಮರೆತವನು ಇವನು,” ಎಂದಳು.

ಆ ಒಂದು ಮಾತು ಕೆಲಸ ಕೆಡಿಸಿತು. ಓಬ್ರಾದ್ ಷರಾಯಿ ಏರಿಸಿಕೊಂಡು, ಗಾಡಿ ಎಲ್ಲಿದೆ ಎಂದು ಕೇಳಿದ.

ಗಾಡಿ ಮುಖ್ಯ ಬೀದಿಯ ನಟ್ಟನಡುವೆ ನಿಂತಿತ್ತು. ಗೇಮಿನಲ್ಲಿ ಒಲೆ ಹೊತ್ತಿಸಲು ಒಂದು ಗುಂಡಿ ಒತ್ತಿದರೆ ಸಾಕು. ಇಲ್ಲಿ ಇದ್ದಿಲು ಅವನನ್ನು ನೋಡಿತು, ಅವನು ಇದ್ದಿಲನ್ನು ನೋಡಿದ. ಬಗ್ಗಿ ಊದಿದಾಗ ಒಲೆಯಲ್ಲಿದ್ದ ಬೂದಿಯೆಲ್ಲ ಎದ್ದು ಅವನ ಮುಖದ ಮೇಲೆ ಬಂದು ಕೂತಿತು. ಕೊನೆಗೆ ಪಕ್ಕದ ಗಾಡಿಯವನು ಕನಿಕರದಿಂದ ಒಂದು ಸಲಿಕೆ ಕೆಂಡ ತಂದು ಸುರಿದ. ವಿದೊಸಾವಾ ಇದ್ಯಾವುದನ್ನೂ ನೋಡಲಿಲ್ಲ. ಅವಳು ದೂರದಲ್ಲಿ ಮರದ ನೆರಳಿಗೆ ಕುರ್ಚಿ ಹಾಕಿಕೊಂಡು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದಳು.

ಮೊದಲ ಗಿರಾಕಿ ಒಬ್ಬ ಶಾಂತ ಸ್ವಭಾವದ ಅಜ್ಜ. ಒಂದು ಪ್ಲ್ಯೆಸ್ಕಾವಿತ್ಸಾ ಕೇಳಿದ. ಅಂದರೆ ಕೊಚ್ಚಿದ ಮಾಂಸವನ್ನು ರೊಟ್ಟಿಯಗಲ ತಟ್ಟಿ ಕೆಂಡದ ಮೇಲೆ ಸುಟ್ಟು ಬನ್ನಿನೊಳಗೆ ಇಡುವುದು. ಊರಿನ ಕೂಸುಗಳಿಗೂ ಗೊತ್ತಿರುವ ಕೆಲಸ. ಓಬ್ರಾದ್ ತಟ್ಟಿದ, ಹಾಕಿದ, ತಿರುವಿದ. ಅರ್ಧ ತಿರುಗಿತು, ಅರ್ಧ ಸರಳಿಗೆ ಅಂಟಿಕೊಂಡು ಅಲ್ಲಿಯೇ ವಾಸಮಾಡುವುದಾಗಿ ತೀರ್ಮಾನಿಸಿತು. ಬಂದಷ್ಟನ್ನು ಕೆರೆದು ಬನ್ನಿನಲ್ಲಿ ತುಂಬಿಕೊಟ್ಟ. ಅಜ್ಜ ಒಂದು ತುತ್ತು ಕಚ್ಚಿ, ಯುದ್ಧಕಾಲದಲ್ಲೂ ಇಂಥದ್ದು ತಿಂದಿರಲಿಲ್ಲ ಎಂದು ಮೆಲ್ಲಗೆ ಹೇಳಿ ಅಲ್ಲಿಯೇ ನಿಂತುಕೊಂಡ. ದುಡ್ಡು ವಾಪಸು ಬೇಕಿತ್ತು.

ಆಮೇಲೆ ಜನ ಒಟ್ಟಿಗೆ ಬಂದರು. ಒಬ್ಬಳಿಗೆ ಈರುಳ್ಳಿ ಬೇಡ, ಇನ್ನೊಬ್ಬನಿಗೆ ಈರುಳ್ಳಿಯೇ ಬೇಕು. ಒಬ್ಬನಿಗೆ ಕೆನೆ, ಒಬ್ಬನಿಗೆ ಖಾರದ ಚೀಸು. ಈರುಳ್ಳಿ ಬೇಡವೆಂದವಳಿಗೆ ಈರುಳ್ಳಿ ಮಾತ್ರ ಸಿಕ್ಕಿತು, ಮಾಂಸ ಸಿಗಲಿಲ್ಲ. ಬನ್ನು ಬಿಸಿಮಾಡಲು ಇಟ್ಟಿದ್ದು ಉರಿ ಹತ್ತಿಕೊಂಡಿತು. ಅದನ್ನು ಆರಿಸಲು ಅವನು ಸುರಿದದ್ದು ಯಾರಿಗೋ ಕೊಡಬೇಕಿದ್ದ ಮೊಸರು. ಕಣ್ಣು ಹೊಗೆಯಿಂದ ಊದಿಕೊಂಡು, ಎದುರಿಗಿದ್ದವರು ಗಂಡೋ ಹೆಣ್ಣೋ ತಿಳಿಯದಾಯಿತು. ದೊಡ್ಡ ಮೀಸೆಯವನೊಬ್ಬನನ್ನು “ಏನು ಬೇಕಮ್ಮ?” ಎಂದು ಕೇಳಿದ.

ಇಷ್ಟಾದರೂ ಹೇಗೋ ಸಂಜೆಯವರೆಗೆ ತಳ್ಳಬಹುದಿತ್ತು. ಆದರೆ ಬ್ಲಾಗೋಯೆ ಒಂದು ಉಪಕಾರ ಮಾಡಿದ್ದ. ಬೆಳಿಗ್ಗೆಯೇ ಗೇಮಿನ ಪುಟಕ್ಕೆ ಹೋಗಿ, ಓಬ್ರಾದ್‌ನ ಅಭಿಪ್ರಾಯದ ಕೆಳಗೆ, ಗುರುಗಳು ಇಂದು ಖುದ್ದಾಗಿ ಹಬ್ಬದಲ್ಲಿ ಗಾಡಿ ನಡೆಸುತ್ತಿದ್ದಾರೆ, ಬಂದು ನೋಡಿ ಕಲಿಯಿರಿ, ಎಂದು ಬರೆದು ಬಂದಿದ್ದ.

ಮಧ್ಯಾಹ್ನದ ಹೊತ್ತಿಗೆ ಆಟಗಾರರು ಬಂದರು. ನೀಶ್‌ನಿಂದ, ವ್ರಾನ್ಯೆಯಿಂದ, ಬೆಲ್‌ಗ್ರೇಡ್‌ನಿಂದಲೂ. ಬಿಸಿಲನ್ನು ಬಹಳ ಕಾಲದ ಮೇಲೆ ಕಂಡವರಂತೆ ಕಣ್ಣು ಕಿರಿದು ಮಾಡಿಕೊಂಡು ಗಾಡಿಯ ಮುಂದೆ ನಿಂತರು. ಮೊದಲನೆಯವಳು, ನೀಲಿ ಕೂದಲಿನ ಒಬ್ಬ ಹೆಂಗಸು, ಎರಡು ಪ್ಲ್ಯೆಸ್ಕಾವಿತ್ಸಾ ಹೇಳಿ ಫೋನು ತೆಗೆದು ನೋಡುತ್ತ ನಿಂತಳು. ಓಬ್ರಾದ್ ಮಾಂಸ ತಟ್ಟಲು ಕೈ ಹಾಕಿದ್ದನಷ್ಟೆ.

“ಎಂಟು ಸೆಕೆಂಡ್ ಆಯ್ತು ಗುರುಗಳೇ,” ಎಂದು ಮೂತಿ ತಿರುಗಿಸಿಕೊಂಡು ಹೊರಟೇಹೋದಳು.

ಎರಡನೆಯವನೂ ಹಾಗೆಯೇ ಹೋದ. ಮೂರನೆಯವನೂ. ಹೋದವರು ಮನೆಗೆ ಹೋಗಲಿಲ್ಲ, ಸುತ್ತು ಹಾಕಿಕೊಂಡು ಹಿಂದಿನಿಂದ ಬಂದು ನಿಂತರು. ಯಾರೂ ತಿನ್ನದೆ ಸುಟ್ಟ ಮಾಂಸ ಹಲಗೆಯ ಮೇಲೆ ಗುಡ್ಡೆ ಬಿತ್ತು. ಅಷ್ಟರಲ್ಲಿ ಮೊದಲೇ ತಿಂದು ಕೆಟ್ಟವರು ದುಡ್ಡು ಕೇಳಲು ತಿರುಗಿ ಬಂದರು. ನೂಕುನುಗ್ಗಲಾಯಿತು. ಯಾರೋ ಒಬ್ಬರ ಬನ್ನು ಇನ್ನೊಬ್ಬರ ಕಾಲರಿನೊಳಗೆ ಸೇರಿಕೊಂಡಿತು.

ಈ ಅವ್ಯವಸ್ಥೆಯನ್ನು ಕಂಡು ಬ್ಲಾಗೋಯೆಯ ರಕ್ತ ಕುದಿಯಿತು. ಮೂವತ್ತು ವರ್ಷ ರೈಲಿನಲ್ಲಿ ಜನರನ್ನು ಶಿಸ್ತಿಗೆ ತಂದವನು. ಮುಂದೆ ಬಂದು, ದೂರು ಇರುವವರೆಲ್ಲ ಸಾಲಾಗಿ ನಿಲ್ಲಬೇಕೆಂದು ಆಜ್ಞೆ ಮಾಡಿದ. ಕಾಗದ ಹರಿದು ನಂಬರ್ ಬರೆದು ಚೀಟಿ ಹಂಚಿದ. ಸೆರ್ಬಿಯಾದಲ್ಲಿ ಎಲ್ಲಿಯಾದರೂ ಸಾಲು ನಿಂತರೆ, ಅದು ಯಾಕೆಂದು ಆಮೇಲೆ ವಿಚಾರಿಸೋಣವೆಂದು ದಾರಿಹೋಕರೂ ನಿಲ್ಲುತ್ತಾರೆ. ಹಾಗೆ ನಿಂತರು. ಸಾಲು ಔಷಧದ ಅಂಗಡಿ ದಾಟಿತು, ಬ್ಯಾಂಕು ದಾಟಿತು, ಮೂಲೆ ತಿರುಗಿತು. ಹಬ್ಬದ ಬೀದಿಯಲ್ಲಿ ಅಷ್ಟುದ್ದದ ಸಾಲು ಬೇರೆ ಯಾವ ಗಾಡಿಗೂ ಇರಲಿಲ್ಲ.

ಈಗ ಓಬ್ರಾದ್‌ಗೆ ಮಾಂಸ ಸುಡುವ ಕೆಲಸವೇ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಮುಂದೆ ಬಂದು ಬೈದರು. ಅಭ್ಯಾಸಬಲದಿಂದ ಅವನು, ನಿಮ್ಮ ದೂರನ್ನು ದಾಖಲಿಸಿಕೊಂಡಿದ್ದೇವೆ, ಕೊಳವೆ ದುರಸ್ತಿಯಲ್ಲಿದೆ, ಎಂದ. ದಿನದಲ್ಲಿ ಅವನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಹೇಳುತ್ತ ಹೇಳುತ್ತ ಅವನಿಗೆ ಒಂದು ಬಗೆಯ ನೆಮ್ಮದಿಯೂ ಬಂತು. ಮುದುಕಿ ಇನ್ನೇನು ಬಂದು ಹೊರಗಟ್ಟುತ್ತಾಳೆ, ಮನೆಗೆ ಹೋಗಿ ಸ್ನಾನ ಮಾಡಿ ಮಲಗಬಹುದು.

ಮುದುಕಿ ಬರಲಿಲ್ಲ. ಒಮ್ಮೆ ಹೊಗೆ ಸರಿದಾಗ, ದೂರದಲ್ಲಿ, ಸಾಲು ತಿರುಗುವ ಮೂಲೆಯಲ್ಲಿ ಲ್ಯುಬಿಂಕಾ ಕಂಡಳು. ಕಾಲ ಹೆಬ್ಬೆರಳ ಮೇಲೆ ನಿಂತು ಇಣುಕುತ್ತಿದ್ದಳು. ಪಕ್ಕದಲ್ಲಿ ವಿದೊಸಾವಾ ಅವಳ ತೋಳು ಹಿಡಿದು ಏನೋ ಹೇಳುತ್ತಿದ್ದಳು. ನೋಡಿ ನಗುವುದಕ್ಕೇ ಬಂದಿದ್ದಾಳೆ ಎಂದುಕೊಂಡ ಓಬ್ರಾದ್. ಮತ್ತೆ ಹೊಗೆ ಕವಿಯಿತು.

ಸಂಜೆ ಕೆಂಡ ತಾನಾಗಿಯೇ ಆರಿತು. ಜನ ಬೈದು ಬೈದು ಸುಸ್ತಾಗಿ ಬಿಯರು ಕುಡಿಯಲು ಚದುರಿದರು. ಓಬ್ರಾದ್ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಹುಬ್ಬಿನ ಕೂದಲು ಅರ್ಧ ಸುಟ್ಟಿತ್ತು. ಹೆಂಡತಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ: ಬರೆದದ್ದು ಜಂಬ, ನನಗೆ ಈ ಕೆಲಸ ಬರುವುದಿಲ್ಲ, ಆ ಗೇಮನ್ನು ಇನ್ನು ಮುಟ್ಟುವುದೂ ಇಲ್ಲ.

ಲ್ಯುಬಿಂಕಾ ಬಂದಳು. ನಗಲಿಲ್ಲ. ಅವನ ಬೂದಿ ಮೆತ್ತಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮದುವೆಯ ದಿನವೂ ಅವಳು ಅವನನ್ನು ಹೀಗೆ ನೋಡಿರಲಿಲ್ಲ.

“ಇಷ್ಟು ವರ್ಷ ನಿನ್ನನ್ನ ಏನೋ ಅಂದ್ಕೊಂಡಿದ್ದೆ. ತಪ್ಪಾಯ್ತು,” ಎಂದಳು.

“ಲ್ಯುಬಿಂಕಾ, ಒಂದು ವಿಷಯ ಹೇಳ್ಬೇಕು.”

“ಮೊದಲು ನಾನು ಹೇಳ್ತೀನಿ, ಕೇಳು. ಚಪ್ಪಲಿ ಅಂಗಡಿ ಬಿಟ್ಟುಬಿಟ್ಟೆ. ಈಗ ತಾನೇ ಹೋಗಿ, ಇನ್ಮೇಲೆ ನೀವೇ ಬಗ್ಗಿ ಅಂತ ಹೇಳಿ ಬಂದೆ.”

ಓಬ್ರಾದ್ ಮೆಟ್ಟಿಲಿನಿಂದ ಎದ್ದು ನಿಂತ.

ಅವಳು ಮುಂದುವರಿಸಿದಳು. ಮಧ್ಯಾಹ್ನ ಬಂದಾಗ ಬೀದಿಯ ಆ ತುದಿಯಿಂದಲೇ ಸಾಲು ಕಂಡಿತಂತೆ. ಇದು ಯಾರ ಗಾಡಿಗೆ ಎಂದು ಕೇಳಿದಾಗ, ಲೆಸ್ಕೋವತ್ಸ್‌ನ ಗುರುಗಳದ್ದು, ಬೆಲ್‌ಗ್ರೇಡ್‌ನಿಂದ ಬಂದಿದ್ದೇವೆ, ಎಂದು ಯಾರೋ ಹೇಳಿದರಂತೆ. ಹತ್ತಿರ ಹೋಗಲು ಆಗಲೇ ಇಲ್ಲ, ಅಷ್ಟು ಜನ. ವಿದೊಸಾವಾ ಅವಳ ಕೈಹಿಡಿದು, ನನ್ನ ಮಂಡಿಗೆ ಇನ್ನು ಈ ಗಾಡಿ ಆಗುವುದಿಲ್ಲ ಮಗಳೇ, ಬಿಸಿನೀರಿನ ಬುಗ್ಗೆಯಿರುವ ಊರಿನಲ್ಲಿ ತಂಗಿಯ ಮನೆಯಿದೆ, ಹೋಗಿ ಬರಲು ಒಂದು ಕಾರು ಇದ್ದರೆ ಸಾಕು, ಎಂದಳಂತೆ. ಸಾಲಿನ ಬಗ್ಗೆ ಮುದುಕಿ ಒಂದು ಸುಳ್ಳನ್ನೂ ಹೇಳಲಿಲ್ಲ. ನೋಡಮ್ಮ, ನೀನೇ ನೋಡು, ಎಂದಳು, ಅಷ್ಟೇ.

“ನಮ್ಮ ಕಾರು ಕೊಟ್ಟೆ. ಗಾಡಿ ನಮ್ಮದಾಯ್ತು,” ಎಂದಳು ಲ್ಯುಬಿಂಕಾ. “ಕಾಗದಕ್ಕೆ ಆಗಲೇ ಸಹಿ ಹಾಕಿದ್ದಾಯ್ತು. ಅವಳು ಹೊರಟೂ ಹೋದಳು. ಮಂಡಿನೋವಿನವಳು ಅಷ್ಟು ಜೋರಾಗಿ ಕಾರು ಓಡಿಸ್ತಾಳೆ ಅಂದ್ಕೊಂಡಿರಲಿಲ್ಲ.”

ಓಬ್ರಾದ್ ಗಾಡಿಯ ಚಕ್ರವನ್ನು ಹಿಡಿದುಕೊಂಡ.

“ಈಗ ನೀನು ಹೇಳು. ಏನೋ ವಿಷಯ ಅಂದೆಯಲ್ಲ,” ಎಂದಳು.

ಅವನು ಅವಳ ಕಣ್ಣನ್ನು ನೋಡಿದ. ಚಮಚದಲ್ಲಿದ್ದ ಗೌರವ ಒಂದು ಕೊಡ ತುಂಬುವಷ್ಟಾಗಿತ್ತು. ನಿಜ ಹೇಳಿದರೆ ಕಾರು ತಿರುಗಿ ಬರುವುದಿಲ್ಲ, ಅವಳ ಕೆಲಸವೂ ಬರುವುದಿಲ್ಲ. ಇದೊಂದು ನೋಟ ಮಾತ್ರ ಹೊರಟುಹೋಗುತ್ತದೆ.

“ಏನಿಲ್ಲ,” ಎಂದ. “ಇವತ್ತು ಸ್ವಲ್ಪ ಜನ ಜಾಸ್ತಿ ಇದ್ರು.”

“ಇವತ್ತಿಗೇ ಮುಗೀತಾ?” ಲ್ಯುಬಿಂಕಾ ಹೆಮ್ಮೆಯಿಂದ ಅವನ ಭುಜದ ಬೂದಿ ಕೊಡವಿದಳು. “ಬ್ಲಾಗೋಯೆ ಮಾವ ಸಿಕ್ಕಿದ್ರು. ಸರದಿ ಬರದೇ ಹೋದವರು ಅರವತ್ತು ಜನ ಇದಾರಂತೆ. ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆನೇ ಬಂದು ನಿಲ್ತೀವಿ, ನಿನ್ನನ್ನ ನೋಡದೆ ಬಿಡಲ್ಲ ಅಂತ ಎಲ್ಲರೂ ಚೀಟಿ ಇಟ್ಕೊಂಡೇ ಮನೆಗೆ ಹೋದ್ರಂತೆ.”